ಏಳನೆಯವನ ಬೈಟೂ ಕಾಫಿ

ಪೆನ್ಸಿಲ್ ಚೂಪು ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದ ಒಪ್ಪಿಕೊಳ್ಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕುಣಿಗಲ್ಲಿನಿಂದ ತುಮಕೂರಿನ ಭೂದಾಖಲೆ ಕಚೇರಿಗೆ ವರ್ಗವಾಗಿ ಬಂದ ಗುಮಾಸ್ತ ನಾನು, ದಿನಾ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಈ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದೆ. ಆ ಹೊತ್ತಿಗೆ ನಮ್ಮ ಸೆಕ್ಷನ್ನಿನ ಉಳಿದ ಆರೂ ಜನ ಕುರ್ಚಿ ಹಿಂದಕ್ಕೆ ಸರಿಸಿ, ಎದುರಿನ ಹೋಟೆಲಿಗೆ ಕಾಫಿಗೆ ಹೊರಡುತ್ತಿದ್ದರು. ನನ್ನನ್ನು ಯಾರೂ "ಬನ್ರೀ" ಅನ್ನುತ್ತಿರಲಿಲ್ಲ. ತಲೆ ಬಗ್ಗಿಸಿಕೊಂಡಿರಲು ಏನಾದರೊಂದು ಕೆಲಸ ಬೇಕಲ್ಲ, ಪೆನ್ಸಿಲ್ ಹೆರೆಯುತ್ತಿದ್ದೆ.

ಅವರೇನೂ ಕೆಟ್ಟವರಲ್ಲ. ತಪ್ಪೆಲ್ಲ ಬೈಟೂ ಕಾಫಿಯದು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕುಡಿಯುವ ಈ ಪದ್ಧತಿಯಲ್ಲಿ ಆರು ಜನಕ್ಕೆ ಮೂರು ಜೋಡಿ, ಲೆಕ್ಕ ಮುಗಿಯಿತು. ಹೆಡ್ ಗುಮಾಸ್ತರಾದ ನಂಜುಂಡಯ್ಯನವರಿಗೂ ಟೈಪಿಸ್ಟ್ ಶಿವಣ್ಣನಿಗೂ ಹನ್ನೆರಡು ವರ್ಷದ ಜೋಡಿ. ಎಷ್ಟೋ ದಾಂಪತ್ಯಗಳು ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಅಂಥದ್ದರ ನಡುವೆ ನಾನು ಏಳನೆಯವನು. ಋಷಿಗಳು ಏಳು, ಸ್ವರ ಏಳು, ಮದುವೆಯಲ್ಲಿ ಇಡುವ ಹೆಜ್ಜೆಯೂ ಏಳು. ಇಷ್ಟೆಲ್ಲ ಮರ್ಯಾದೆ ಇರುವ ಸಂಖ್ಯೆಗೆ ಹೋಟೆಲಿನ ಮೇಜಿನಲ್ಲಿ ಮಾತ್ರ ಜಾಗವಿಲ್ಲ. ಒಬ್ಬನೇ ಪೂರ್ತಿ ಕಾಫಿ ತರಿಸಿಕೊಂಡರಾಯಿತಲ್ಲ ಅನ್ನಬೇಡಿ. ಬೈಟೂ ಕುಡಿಯುವವರ ಎದುರು ಪೂರ್ತಿ ಕಾಫಿ ಕುಡಿದರೆ ಇವನಿಗೆ ಕೊಬ್ಬು ಅನ್ನುತ್ತಾರೆ.

ನಿಜ ಹೇಳುತ್ತೇನೆ, ನನಗೆ ಕಾಫಿ ಬೇಕಾಗಿರಲಿಲ್ಲ. ಆ "ಬನ್ರೀ" ಬೇಕಾಗಿತ್ತು. ಸದಾಶಿವನಗರದ ಬಾಡಿಗೆ ಮನೆಯಲ್ಲಿ ಹೆಂಡತಿ "ಆಫೀಸಲ್ಲಿ ಜನ ಹೆಂಗವ್ರೆ?" ಎಂದರೆ, "ತುಂಬಾ ಒಳ್ಳೆಯವ್ರು ಕಣೇ, ಕಾಫಿಗೆ ಕರೆದೂ ಕರೆದೂ ಸಾಕಾಗಿದೆ" ಎಂದು ಸುಳ್ಳು ಹೇಳುತ್ತಿದ್ದೆ.

ಒಂದು ದಿನ ರೋಸಿಹೋಗಿ ಒಬ್ಬನೇ ಹೋಟೆಲಿಗೆ ನುಗ್ಗಿದೆ. ಆರೂ ಜನ ಒಂದು ಮೇಜಿನಲ್ಲಿದ್ದರು, ನಾನು ಇನ್ನೊಂದರಲ್ಲಿ ಕೂತೆ. ಸಪ್ಲೈಯರ್ ಶೀನಪ್ಪ ಬಂದು "ಏನ್ ಸ್ವಾಮಿ?" ಎಂದ. ಕುಣಿಗಲ್ಲಿನಲ್ಲಿ ಗೆಳೆಯನ ಜೊತೆ ಎಂಟು ವರ್ಷ ಕುಡಿದ ಅಭ್ಯಾಸಬಲ ನೋಡಿ, ಬಾಯಿ ತಾನಾಗಿ "ಒಂದು ಬೈಟೂ" ಅಂದುಬಿಟ್ಟಿತು. ಶೀನಪ್ಪ ಎರಡು ಲೋಟ ತಂದಿಟ್ಟು, ನನ್ನ ಎದುರಿನ ಖಾಲಿ ಕುರ್ಚಿ ನೋಡಿ, ಹೋಟೆಲಿಗೆಲ್ಲ ಕೇಳುವ ಹಾಗೆ "ಇನ್ನೊಬ್ರು ಎಲ್ಲವ್ರೆ?" ಎಂದ. ಆ ಮೇಜಿನ ಆರು ತಲೆಗಳೂ ತಿರುಗಿದವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಕಂಡರು. ಬೆಳಗಿನಿಂದ ನಮ್ಮ ಕಚೇರಿಯ ಬೆಂಚಿನ ಮೇಲೆ ಅರ್ಜಿ ಹಿಡಿದು ಕಾಯುತ್ತಿದ್ದ ಹುತ್ರಿದುರ್ಗದ ರೈತ. ಮಾನ ಉಳಿಸಿಕೊಳ್ಳಲು ನಾನು "ಬನ್ನಿ ಬನ್ನಿ, ಯಾಕಿಷ್ಟು ತಡ?" ಎಂದೆ. ಆತ ಹಿಂದಕ್ಕೆ ತಿರುಗಿ, ಬೇರೆ ಯಾರೂ ಇಲ್ಲದ್ದನ್ನು ನೋಡಿ, ಅಂಜುತ್ತಲೇ ಬಂದು ಕೂತ. ಅರ್ಜಿದಾರರು ಗುಮಾಸ್ತರಿಗೆ ಕಾಫಿ ಕುಡಿಸುವುದು ಎಲ್ಲ ಕಚೇರಿಗಳಲ್ಲೂ ಉಂಟು. ಗುಮಾಸ್ತನೇ ಅರ್ಜಿದಾರನಿಗೆ ಕುಡಿಸಿದ್ದು ನಮ್ಮ ಕಚೇರಿಯಲ್ಲಿ ಅದೇ ಮೊದಲಿರಬೇಕು. ಅರ್ಧ ಲೋಟ ಮುಗಿಯುವುದರೊಳಗೆ ಆತ ಹೇಳಿದ ಬೆಟ್ಟದ ಚಿರತೆಯ ಕಥೆಗೆ ನಾನು ಬಿದ್ದು ಬಿದ್ದು ನಕ್ಕೆ.

ಮಾರನೆಯ ದಿನ ಬೇಕೆಂದೇ ಬೈಟೂ ಹೇಳಿದೆ. ಬೆಂಚಿನಿಂದ ದಿನಕ್ಕೊಬ್ಬರನ್ನು ಕರೆದುಕೊಂಡು ಹೋಗತೊಡಗಿದೆ. ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿ, ಮಠದ ಲೆಕ್ಕ ಬರೆಯುವವರು, ನಿವೃತ್ತ ಮೇಷ್ಟ್ರು. ಅವರಿಗೂ ಕಾಯುವ ಬೇಸರ, ನನಗೂ ಅದೇ ಬೇಸರ, ಹೊಂದಿಕೆಗೆ ಇನ್ನೇನು ಬೇಕು? ನಮ್ಮ ಮೇಜಿನ ನಗುವಿಗೆ ಆ ಮೇಜಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಶಿವಣ್ಣ ರಜೆ ಹಾಕಿದ. ನಂಜುಂಡಯ್ಯನವರಿಗೆ ಜೋಡಿ ತಪ್ಪಿತು. ಅವರು ಹೋಟೆಲಿನಲ್ಲಿ ನನ್ನ ಮೇಜಿನ ಹತ್ತಿರ ಬಂದು, ಕೆಮ್ಮಿ, "ಬನ್ರೀ, ನಾವಿಬ್ರೂ ಬೈಟೂ ಹೇಳೋಣ" ಎಂದರು. ಹನ್ನೊಂದು ತಿಂಗಳು ಕಾದ ಮಾತು. ಆದರೆ ನನ್ನ ಎದುರು ಅವತ್ತು ಕಡಬದ ರಂಗಜ್ಜ ಕೂತಿದ್ದರು. ತೋಟದ ಹಳೇ ನಕ್ಷೆಯ ನಕಲಿಗಾಗಿ ಇದೇ ನಂಜುಂಡಯ್ಯನವರ ಮುಂದೆ ಮೂರು ಸಲ ನಿಂತು ವಾಪಸು ಹೋಗಿದ್ದವರು. ಸಾಹೇಬರನ್ನು ಕಂಡದ್ದೇ ಅಜ್ಜ ಲೋಟ ಕೆಳಗಿಟ್ಟು, "ಬುಡಿ ಸ್ವಾಮಿ, ನಾನ್ ಆಚೆ ನಿಂತ್ಕತೀನಿ" ಎಂದು ಎದ್ದರು.

ನಾನು ಅಜ್ಜನ ಕೈ ಹಿಡಿದು ಕೂರಿಸಿದೆ. "ಇವತ್ತು ನನ್ನ ಬೈಟೂ ಇವ್ರ ಜೊತೆ ಸಾರ್. ನೀವೂ ಕೂತ್ಕೊಳ್ಳಿ, ನಿಮಗೆ ಪೂರ್ತಿ ಕಾಫಿ ಹೇಳ್ತೀನಿ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ನಂಜುಂಡಯ್ಯನವರು ಆ ಮೇಜಿನ ಕಡೆ ನೋಡಿದರು, ಅಜ್ಜನ ಕಡೆ ನೋಡಿದರು, ಕೊನೆಗೆ ಕೂತರು. ಅಜ್ಜ ಕಡಬದ ಕೆರೆ ಕೋಡಿ ಬಿದ್ದ ವರ್ಷದ ಮಾತು ತೆಗೆದರು. ನಂಜುಂಡಯ್ಯನವರ ತಾಯಿಯ ತವರು ಅದೇ ಕೆರೆಯ ಕೆಳಗಂತೆ, ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಎದ್ದಾಗ ಅವರು, "ನಡೀರಿ ಅಜ್ಜ, ನಿಮ್ ನಕ್ಷೆ ಕೊಟ್ಟುಬಿಡ್ತೀನಿ" ಎಂದರು. ಊಟದ ಹೊತ್ತಿಗೆ ಅಜ್ಜ ನಕಲನ್ನು ಮಡಿಸಿ ಪಂಚೆಯ ಮಡಿಲಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು.

ಆಮೇಲೆ ದಿನಾ "ಬನ್ರೀ, ಬನ್ರೀ" ಎಂಬ ಕರೆಗೆ ಬರವಿರಲಿಲ್ಲ. ಹೆಂಡತಿಗೆ ಹೇಳಿದ್ದ ಸುಳ್ಳು ನಿಜವಾಗಿಬಿಟ್ಟಿತು. ನಾನೂ ಬಿಗುಮಾನ ಮಾಡದೆ ಹೋಗುತ್ತಿದ್ದೆ. ಆದರೆ ಹೊರಡುವ ಮುಂಚೆ ಬೆಂಚಿನ ಕಡೆ ಒಮ್ಮೆ ನೋಡುತ್ತಿದ್ದೆ. ಅಲ್ಲಿ ಯಾರಾದರೂ ಒಬ್ಬರೇ ಕೂತಿದ್ದರೆ, ನಾನು ಅವರನ್ನು ಮಾತಾಡಿಸಿ ಎಬ್ಬಿಸಿಕೊಂಡು ಬರುವ ತನಕ ಆ ಆರೂ ಜನ ಬಾಗಿಲಲ್ಲಿ ಕಾಯುತ್ತಿದ್ದರು.