ಪೆದ್ದದಾ, ಚಿನ್ನದಾ?

ಶಿಡ್ಲಘಟ್ಟದಲ್ಲಿ ಒಂದು ಕಾಲಕ್ಕೆ ಸೈಕಲ್ ಕ್ಲಬ್ಬಿತ್ತು ಎಂದರೆ ಇವತ್ತು ಯಾರೂ ನಂಬುವುದಿಲ್ಲ. ಇತ್ತು. ಬೋರ್ಡಿಲ್ಲ, ಬಾಗಿಲಿಲ್ಲ, ಅಬ್ಬಾಸ್ ಸಾಬರ ಸೈಕಲ್ ಶಾಪಿನ ಮುಂದಿದ್ದ ಉದ್ದನೆಯ ಕಲ್ಲುಚಪ್ಪಡಿಯೇ ಕ್ಲಬ್ಬು. ತಾಲ್ಲೂಕು ಕಚೇರಿಯ ಗುಮಾಸ್ತ ಸತ್ಯಮೂರ್ತಿ ಅದಕ್ಕೆ ಕ್ಯಾಪ್ಟನ್. ಯಾರು ಆರಿಸಿದರು ಎಂದು ಕೇಳಬಾರದು. ಅವರ ಕೊರಳಲ್ಲಿ ಒಂದು ವಿಸಿಲ್ ಇತ್ತು, ಅಷ್ಟೇ. ಭಾನುವಾರ ಬೆಳಗಾದರೆ ಮೇಷ್ಟರುಗಳು, ಗುಮಾಸ್ತರು, ಮಂಡಿಯವರ ಮಕ್ಕಳು ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಅಲ್ಲಿ ಸೇರುವರು. ವಿಸಿಲ್ ಊದಿದ ಮೇಲೆ ಸಾಲಾಗಿ ಮುದ್ದೇನಹಳ್ಳಿ ಕಡೆಗೋ ಚಿಂತಾಮಣಿ ಕಡೆಗೋ ಹೊರಟು, ದಾರಿಯಲ್ಲಿ ಎಲ್ಲಾದರೂ ಇಡ್ಲಿ ತಿಂದು, ಬಿಸಿಲೇರುವಷ್ಟರಲ್ಲಿ ವಾಪಸು ಬರುವರು.

ಇವರ ನಡುವೆ ಪಂಚೆ ಎತ್ತಿ ಕಟ್ಟಿ ತುಳಿಯುತ್ತಿದ್ದವನು ಹನುಮಂತರಾಯಪ್ಪ ಒಬ್ಬನೇ. ದಿಬ್ಬೂರಹಳ್ಳಿಯವನು. ವಾರವೆಲ್ಲ ರೇಷ್ಮೆ ಗೂಡಿನ ಮೂಟೆಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದು ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ಮನೆಗಳಿಗೆ ಹಾಕುವುದು ಅವನ ಕೆಲಸ. ಗೂಡು ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದುಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡನ್ನು ನಾಯಿಯೂ ಮೂಸುವುದಿಲ್ಲ. ವಾರವೆಲ್ಲ ತುಳಿದವನಿಗೆ ಭಾನುವಾರವೂ ತುಳಿಯುವ ಹುಚ್ಚೇಕೆ ಎಂದು ಹೆಂಡತಿ ಲಕ್ಷ್ಮೀನರಸಮ್ಮ ಕೇಳಿದರೆ, "ಅವತ್ತು ಮೂಟೆ ಇರಲ್ಲ ಕಣೇ" ಎನ್ನುತ್ತಿದ್ದ. ನಿಜವಾದ ಕಾರಣ ಅದಲ್ಲ. ಆ ಕಲ್ಲುಚಪ್ಪಡಿಯ ಮೇಲೆ ಗುಮಾಸ್ತರ ಪಕ್ಕ ಕೂತು, ಅವರು ಕುಡಿದಂಥದೇ ಗಾಜಿನ ಲೋಟದಲ್ಲಿ ಟೀ ಕುಡಿಯಬಹುದಿತ್ತು. ಊರಿನಲ್ಲಿ ಬೇರೆಲ್ಲೂ ಅವನಿಗೆ ಆ ಜಾಗ ಇರಲಿಲ್ಲ.

ಇನ್ನು ಹಲ್ಲಿನ ವಿಚಾರ. ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆಗೆ ಫ್ರೀವೀಲ್ ಎನ್ನುತ್ತಾರೆ. ಹಲ್ಲು ಕಡಿಮೆಯಿದ್ದರೆ ಬಿಲ್ಲೆ ಚಿಕ್ಕದು. ಒಂದು ತುಳಿತಕ್ಕೆ ಬಹಳ ದೂರ ಹೋಗುತ್ತದೆ, ಆದರೆ ತುಳಿಯಲು ತೊಡೆಯಲ್ಲಿ ಕಸುವು ಬೇಕು. ಹಲ್ಲು ಹೆಚ್ಚಿದ್ದರೆ ಬಿಲ್ಲೆ ದೊಡ್ಡದು. ಕಾಲಿಗೆ ಹಗುರ, ಏರು ಹತ್ತುತ್ತದೆ, ಹೊರೆ ಎಳೆಯುತ್ತದೆ. ಬಯಲಿನಲ್ಲಿ ಮಾತ್ರ ಎಷ್ಟು ತುಳಿದರೂ ಎಮ್ಮೆ ನಡಿಗೆ. ಎರಡೂ ಬೇಕು ಎಂದರೆ ಆಗದು, ಆಗಿನ ಸೈಕಲ್ಲಿಗೆ ಇದ್ದದ್ದು ಒಂದೇ ಬಿಲ್ಲೆ. ಅಬ್ಬಾಸ್ ಸಾಬರು ಗೌರಿಬಿದನೂರು ಕಡೆಯ ಅಲೀಪುರದವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಹೆಚ್ಚಾಗಿ ತೆಲುಗು. ಗಿರಾಕಿ ಬಂದರೆ ಎರಡು ಕೈಯಲ್ಲೂ ಒಂದೊಂದು ಬಿಲ್ಲೆ ಹಿಡಿದು "ಪೆದ್ದದಾ, ಚಿನ್ನದಾ?" ಎಂದು ಕೇಳುವರು. ದೊಡ್ಡದೋ ಚಿಕ್ಕದೋ ಎಂದು ಅರ್ಥ. ಆಂಧ್ರದ ಗಡಿಗೆ ಅಂಟಿಕೊಂಡ ಊರು, ಅಷ್ಟು ತೆಲುಗು ಎಲ್ಲರಿಗೂ ಬರುತ್ತದೆ. ಆದರೆ ಆ ಪೆದ್ದ ಕನ್ನಡಕ್ಕೆ ಬಂದ ಕೂಡಲೇ ದಡ್ಡನಾಗುತ್ತಾನೆ, ಚಿನ್ನ ಎಂಬುದು ಬಂಗಾರವಾಗುತ್ತದೆ. ಕೆಲಸವಿಲ್ಲದೆ ಕೂತ ಗಂಡಸರಿಗೆ ಇದಕ್ಕಿಂತ ಗಮ್ಮತ್ತು ಬೇರೇನು ಬೇಕು?

ಹನುಮಂತರಾಯಪ್ಪನ ಸೈಕಲ್ಲಿನಲ್ಲಿ ಇದ್ದದ್ದು ಪೆದ್ದದು. ಮೂಟೆ ಹೊರುವವನಿಗೆ ಅದೇ ಬೇಕು. ಕ್ಲಬ್ಬಿನ ಉಳಿದವರದೆಲ್ಲ ಚಿನ್ನದು. ಭಾನುವಾರ ಅವರೆಲ್ಲ ಸರ್ರನೆ ಮುಂದೆ ಹೋಗಿ, ಇಡ್ಲಿ ತಿಂದು, ಕೈ ಒರೆಸಿಕೊಳ್ಳುವಾಗ ಇವನು ಕಾಲು ಪಟಪಟ ಆಡಿಸುತ್ತ ಬೆವರಿಳಿಸಿಕೊಂಡು ಬಂದು ಮುಟ್ಟುತ್ತಿದ್ದ. "ಪೆದ್ದನಿಗೆ ಪೆದ್ದದೇ ಸರಿ ಕಣಯ್ಯ" ಎಂದು ಸತ್ಯಮೂರ್ತಿ ಒಂದು ದಿನ ನಗೆಯಾಡಿದರು. ಕೆಟ್ಟ ಮನುಷ್ಯರಲ್ಲ ಅವರು, ಮಾತು ಬಾಯಿಗೆ ಬಂತು, ಆಡಿದರು. ಅವತ್ತಿನಿಂದ ಹನುಮಂತರಾಯಪ್ಪ ಎಂಬ ಅಷ್ಟುದ್ದದ ಹೆಸರು ಕ್ಲಬ್ಬಿನಲ್ಲಿ ಪೆದ್ದ ಎಂದಾಯಿತು. ಅವನೂ ನಗುತ್ತಿದ್ದ. ನಗದೆ ಇದ್ದರೆ ಆ ಕಲ್ಲಿನ ಮೇಲೆ ಕೂರುವುದು ಹೇಗೆ?

ಮನೆಯಲ್ಲಿ ಅದೇ ಮಾತಿಗೆ ಬೇರೆ ಅರ್ಥವಿತ್ತು. ಲಕ್ಷ್ಮೀನರಸಮ್ಮ ಚಿಂತಾಮಣಿಯ ಆಚೆಯವಳು, ಮಕ್ಕಳೊಡನೆ ಆಡುವುದು ತೆಲುಗು. ಐದು ವರ್ಷದ ಹಿರಿಯ ಮಗಳು ಗಂಗುಲಮ್ಮ ಅವಳ ಬಾಯಲ್ಲಿ ಪೆದ್ದದಿ, ತೊಟ್ಟಿಲಲ್ಲಿದ್ದ ಕೂಸು ಚಿನ್ನದಿ. ಪೆದ್ದದಿಗೆ ಅಪ್ಪನ ಸೈಕಲ್ಲೆಂದರೆ ಪ್ರಾಣ. ಸಂಜೆ ಅವನು ಊರ ಬಾವಿಯ ಹತ್ತಿರ ಬರುವಾಗಲೇ ಓಡಿಬಂದು ಮುಂದಿನ ಕಂಬಿಯ ಮೇಲೆ ಹತ್ತಿ ಕೂತು ಮನೆಯವರೆಗೂ ಬೆಲ್ಲು ಬಾರಿಸುತ್ತಿದ್ದಳು.

ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಹಾಗಾಗಿ ಕ್ಲಬ್ಬಿನ ರೇಸು ಪ್ರತಿ ವರ್ಷ ಆಷಾಢದಲ್ಲೇ ಆಗುತ್ತಿತ್ತು. ಚಿಕ್ಕಬಳ್ಳಾಪುರದಿಂದ ಹೊರಟು ಶಿಡ್ಲಘಟ್ಟ ದಾಟಿ ಚಿಂತಾಮಣಿ ಮುಟ್ಟಬೇಕು. ಆ ತಿಂಗಳು ಪಡುವಣದ ಗಾಳಿ ಹುಚ್ಚೆದ್ದು ಬೀಸುತ್ತದೆ. ರೇಸಿನವರಿಗೆ ಬೆನ್ನ ಹಿಂದಿನಿಂದ ತಳ್ಳಿದಂತೆ. ಐವತ್ತಾರನೆಯ ಇಸವಿಯ ರೇಸಿಗೆ ಮುಂಚೆ ಹನುಮಂತರಾಯಪ್ಪ ಅಬ್ಬಾಸ್ ಸಾಬರ ಮುಂದೆ ಸೈಕಲ್ ನಿಲ್ಲಿಸಿ, "ಪೆದ್ದದು ಬಿಚ್ಚಿ ಸಾಬ್ರೆ, ಚಿನ್ನದು ಹಾಕಿ" ಎಂದ.

"ಆಮೇಲೆ ಮೂಟೆಗೇನು ಮಾಡ್ತೀಯ ಹನುಮಂತಣ್ಣ?" ಎಂದರು ಸಾಬರು.

"ಒಂದು ರೇಸು ಆಗಲಿ. ಮಾರನೇ ದಿನವೇ ಬಂದು ಬದಲಾಯಿಸ್ಕೋತೀನಿ."

ಸಾಬರು ಬದಲಾಯಿಸಿದರು. ದೊಡ್ಡ ಬಿಲ್ಲೆಯನ್ನೂ, ಚೈನಿನಿಂದ ತೆಗೆದ ಕೊಂಡಿಯನ್ನೂ ಒಂದು ಡಬ್ಬಿಯಲ್ಲಿ ಹಾಕಿಟ್ಟರು.

ರೇಸಿನಲ್ಲಿ ಹನುಮಂತರಾಯಪ್ಪ ಗೆದ್ದ. ಗೆಲ್ಲದೆ ಏನು? ವಾರವೆಲ್ಲ ಮೂಟೆ ಎಳೆದ ತೊಡೆಗೆ ಚಿಕ್ಕ ಬಿಲ್ಲೆ, ಬೆನ್ನಿಗೆ ಆಷಾಢದ ಗಾಳಿ. ಗುಮಾಸ್ತರು, ಮೇಷ್ಟರುಗಳು ಕಣ್ಣಿಗೆ ಕಾಣದಷ್ಟು ಹಿಂದೆ ಬಿದ್ದರು. ಚಿಂತಾಮಣಿಯಲ್ಲಿ ಸತ್ಯಮೂರ್ತಿ ಅವನ ಕೊರಳಿಗೆ ಹಾರ ಹಾಕಿ, ಬೆನ್ನು ತಟ್ಟಿ, "ಇನ್ಮೇಲೆ ನೀನು ಪೆದ್ದ ಅಲ್ಲಯ್ಯ, ಚಿನ್ನ" ಎಂದರು. ಆ ಒಂದು ಮಾತು ಅವನಿಗೆ ಹಾರಕ್ಕಿಂತ ಹೆಚ್ಚಾಯಿತು. ಮಾರನೆಯ ದಿನ ಬಿಲ್ಲೆ ಬದಲಾಯಿಸಲು ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಮೂಟೆ ಹೊತ್ತು ಏರಿನಲ್ಲಿ ಇಳಿದು ತಳ್ಳುತ್ತಿದ್ದ, ಆದರೆ ಊರು ಹತ್ತಿರ ಬಂದಾಗ ಹತ್ತಿ ಕೂತು ಅಂಗಡಿಯ ಮುಂದೆ ತುಳಿದುಕೊಂಡೇ ಹೋಗುತ್ತಿದ್ದ. ಮನುಷ್ಯನ ಜಂಬ ಎಂಥೆಂಥ ಸಣ್ಣ ಜಾಗದಲ್ಲಿ ಗೂಡು ಕಟ್ಟುತ್ತದೆ ನೋಡಿ.

ಆಷಾಢ ಮುಗಿಯುವ ಮುಂಚೆ ಗಂಗುಲಮ್ಮನಿಗೆ ಜ್ವರ ಬಂತು. ಮೊದಲು ಶೀತವೆಂದರು, ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದರು. ಮೂರನೆಯ ದಿನ ಬೆಳಗ್ಗೆ ಮಗುವಿಗೆ ನೀರೂ ಇಳಿಯದಾಯಿತು. ಉಸಿರೆಳೆದರೆ ಕೊರಳಲ್ಲಿ ಗೊರಗೊರ ಸದ್ದು. ಕೂಸನ್ನು ನೆರೆಮನೆಯ ಓಬಳಮ್ಮನ ಕೈಗೆ ಕೊಟ್ಟು, ಗಂಡಹೆಂಡತಿ ಸೈಕಲ್ಲಿನಲ್ಲಿ ಶಿಡ್ಲಘಟ್ಟಕ್ಕೆ ಬಂದರು. ಡಾಕ್ಟರು ಬಾಯಿ ಬಿಡಿಸಿ ನೋಡಿ, "ಗಂಟಲುಮಾರಿ. ಇದರ ಇಂಜೆಕ್ಷನ್ ನನ್ನ ಹತ್ರ ಇಲ್ಲಪ್ಪ, ಚಿಕ್ಕಬಳ್ಳಾಪುರದ ಆಸ್ಪತ್ರೇಲಿ ಇದೆ. ತಡ ಮಾಡಬೇಡ" ಎಂದರು. ರೈಲು ಆಗಲೇ ಹೋಗಿತ್ತು. ಬಸ್ಸು ಇನ್ನು ಸಾಯಂಕಾಲಕ್ಕೆ.

ಚಿಕ್ಕಬಳ್ಳಾಪುರದ ರಸ್ತೆ ಅಬ್ಬಾಸ್ ಸಾಬರ ಅಂಗಡಿಯ ಮುಂದೆಯೇ ಹಾಯುತ್ತದೆ. ಅಂದು ಏನೋ ರಜೆ. ಕ್ಲಬ್ಬಿನವರು ನಾಲ್ಕೈದು ಜನ ಕಲ್ಲಿನ ಮೇಲೆ ಕೂತಿದ್ದರು. ಲಕ್ಷ್ಮೀನರಸಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಕ್ಯಾರಿಯರಿನ ಮೇಲೆ ಕೂತಿದ್ದಳು. ಎದುರುಗಾಳಿಗೆ ಸೈಕಲ್ ತೊನೆಯುತ್ತ ಬಂತು. ಸಾಬರು ಅಡ್ಡ ಬಂದು ಹ್ಯಾಂಡಲ್ ಹಿಡಿದರು. ಎಲ್ಲಿಗೆ ಎಂದು ಕೇಳಿ ತಿಳಿದರು.

"ನಿಲ್ಸು ಹನುಮಂತಣ್ಣ. ಈ ಗಾಳಿಗೆ, ಈ ಹೊರೆಗೆ ಇದು ಎಳೆಯಲ್ಲ. ಒಂದು ಗಳಿಗೆ ಇರು, ಪೆದ್ದದು ಹಾಕ್ಬಿಡ್ತೀನಿ."

ಕಲ್ಲಿನ ಮೇಲಿದ್ದ ಸತ್ಯಮೂರ್ತಿಗೆ ಪೆದ್ದದು ಎಂಬುದಷ್ಟೇ ಕೇಳಿಸಿತು, ಸೆರಗಿನೊಳಗೆ ಏನಿದೆಯೆಂದು ಕಾಣಲಿಲ್ಲ. "ಏನಯ್ಯ, ಎರಡೇ ವಾರಕ್ಕೆ ಮತ್ತೆ ಪೆದ್ದ ಆಗ್ತೀಯಾ?" ಎಂದರು. ಉಳಿದವರು ನಕ್ಕರು.

ಹನುಮಂತರಾಯಪ್ಪನ ಮುಖಕ್ಕೆ ರಕ್ತ ಏರಿತು. "ಬೇಡ ಸಾಬ್ರೆ, ಹೊತ್ತಾಗುತ್ತೆ" ಎಂದು ಅವರ ಕೈ ಬಿಡಿಸಿಕೊಂಡು ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಹೊತ್ತಾಗುತ್ತದೆ ಎಂಬುದು ಸುಳ್ಳಲ್ಲ; ಬಿಲ್ಲೆ ಬಿಚ್ಚಿ, ಚೈನಿಗೆ ಕೊಂಡಿ ಸೇರಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಅವನು ನಿಲ್ಲದೆ ಹೋದದ್ದು ಅದಕ್ಕಲ್ಲ ಎಂದು ಅವನಿಗೆ ಆ ಕ್ಷಣದಲ್ಲೇ ಗೊತ್ತಿತ್ತು.

ಊರು ದಾಟಿದ ಮೇಲೆ ಬಯಲು. ಗಾಳಿ ಎದೆಗೆ ಕೈ ಕೊಟ್ಟು ಹಿಂದಕ್ಕೆ ನೂಕಿತು. ರೇಸಿನ ದಿನ ಹೊತ್ತುಕೊಂಡು ಹೋದ ಅದೇ ಗಾಳಿ. ಅವನು ಹಲ್ಲು ಕಚ್ಚಿ ತುಳಿದ. ಪೆಡಲು ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ ಮೇಲೆ ಬಂದು ಕೆಳಗೆ ಹೋಗುತ್ತಿತ್ತು. ಮೊದಲ ಏರಿನಲ್ಲಿ ಸೈಕಲ್ ನಿಂತೇ ಹೋಯಿತು. ಇಳಿದು ತಳ್ಳಿದ. ಏರು ಮುಗಿದ ಮೇಲೆ ಹತ್ತಿದ, ಸ್ವಲ್ಪ ದೂರ ಹೋಗುವಷ್ಟರಲ್ಲಿ ತೊಡೆ ನಡುಗಿ ಮತ್ತೆ ಇಳಿದ. ಲಕ್ಷ್ಮೀನರಸಮ್ಮನೂ ಇಳಿದು ಮಗುವನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ಎದುರಿನಿಂದ ಒಂದು ಲಾರಿ ಬಂತು, ಶಿಡ್ಲಘಟ್ಟದ ಕಡೆಗೆ ಹೋಯಿತು. ಅವರ ದಾರಿಗೆ ಒಂದು ಗಾಡಿಯೂ ಬರಲಿಲ್ಲ. ಮಗುವಿನ ಕೊರಳಿನ ಸದ್ದು ಗಾಳಿಯಲ್ಲೂ ಕೇಳುತ್ತಿತ್ತು. ಆ ಸದ್ದು ಕೇಳುವವರೆಗೂ ಅವನಿಗೆ ಧೈರ್ಯ.

ಚಿಕ್ಕಬಳ್ಳಾಪುರದ ಗುಡ್ಡಗಳು ಹತ್ತಿರವಾದವು. ಕೊನೆಯ ಏರು. ಹೆಂಡತಿ ಮಗುವನ್ನು ಅಪ್ಪಿಕೊಂಡು ಮತ್ತೆ ಕ್ಯಾರಿಯರಿನ ಮೇಲೆ ಕೂತಿದ್ದಳು. ಅವಳ ಕಾಲು ಸೋತಿತ್ತು. ಅವನು ತಲೆ ಬಗ್ಗಿಸಿ, ಹ್ಯಾಂಡಲಿಗೆ ಎದೆ ಕೊಟ್ಟು ಓಡುನಡಿಗೆಯಲ್ಲಿ ತಳ್ಳುತ್ತಿದ್ದ. ಹಿಂದಿನಿಂದ ಅವಳ ದನಿ ಕೇಳಿಸಿತು.

"ಮೆಲ್ಲಗೆ ತಳ್ಳಿ. ಇನ್ನು ಆತುರ ಇಲ್ಲ."

ಅವನು ತಿರುಗಿ ನೋಡಲಿಲ್ಲ. ನಿಲ್ಲಲೂ ಇಲ್ಲ. ಏರಿನ ತುದಿಯವರೆಗೆ ಹಾಗೇ ತಳ್ಳಿದ, ಅಲ್ಲಿ ಹುಣಸೆಮರದ ಕೆಳಗೆ ಸೈಕಲ್ ಒರಗಿಸಿ ನೆಲದ ಮೇಲೆ ಕೂತ. ಹಿಂದಕ್ಕೆ ಬರುವಾಗ ಗಾಳಿ ಬೆನ್ನಿಗಿತ್ತು. ಸೈಕಲ್ ತುಳಿಯದೆಯೇ ಓಡುತ್ತಿತ್ತು. ಅದನ್ನು ಅವನು ಸಾಯುವವರೆಗೆ ಕ್ಷಮಿಸಲಿಲ್ಲ, ಗಾಳಿಯನ್ನೂ ತನ್ನನ್ನೂ.

ಗಂಟಲುಮಾರಿಗೆ ಬಿಲ್ಲೆಯ ಹಲ್ಲು ಯಾವ ಲೆಕ್ಕ, ಬೇಗ ಹೋಗಿದ್ದರೂ ಅಷ್ಟೇ ಆಗುತ್ತಿತ್ತು, ಹಣೆಬರಹ ಎಂದು ಜನ ಸಮಾಧಾನ ಹೇಳಿದರು. ಇದ್ದರೂ ಇರಬಹುದು. ಆದರೆ ಹಣೆಬರಹದ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಜಾತಿಯ ಮನುಷ್ಯನಲ್ಲ ಹನುಮಂತರಾಯಪ್ಪ. ಮೈಲಿಗೆ ಕಳೆದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಅಬ್ಬಾಸ್ ಸಾಬರ ಹತ್ತಿರ ಹೋಗಿ ಸೈಕಲ್ ನಿಲ್ಲಿಸಿದ್ದು. ಸಾಬರು ಡಬ್ಬಿ ತೆಗೆದರು. ಕಲ್ಲಿನ ಮೇಲಿದ್ದ ಸತ್ಯಮೂರ್ತಿ ಎದ್ದು ಬಂದು ಅವನ ಪಕ್ಕ ನಿಂತರು, ಅಳು ಬಂತು, ಹೊರಟುಹೋದರು. ಅವರು ವಿಸಿಲ್ ಊದಿದ್ದನ್ನು ಆಮೇಲೆ ಯಾರೂ ಕೇಳಲಿಲ್ಲ.

ಕ್ಲಬ್ಬು ನಿಲ್ಲಲಿಲ್ಲ. ಹನುಮಂತರಾಯಪ್ಪನೂ ಬಿಡಲಿಲ್ಲ. ಭಾನುವಾರ ದೊಡ್ಡ ಬಿಲ್ಲೆಯ ಸೈಕಲ್ಲಿನಲ್ಲಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ಯಾರಾದರೂ ಸುಸ್ತಾಗಿ ಕೂತರೆ ಕ್ಯಾರಿಯರಿಗೆ ಹತ್ತಿಸಿಕೊಳ್ಳುತ್ತಿದ್ದ. ರೇಸಿಗೆ ಮಾತ್ರ ಹೋಗುತ್ತಿರಲಿಲ್ಲ. ಇನ್ನೊಂದು ಸಂಗತಿ ಯಾರೂ ಹೇಳಿಕೊಡದೆ ತಾನಾಗಿ ನಡೆಯಿತು. ಆ ಅಂಗಡಿಯಲ್ಲಿ ಪೆದ್ದ ಎಂಬ ಮಾತೇ ಸತ್ತುಹೋಯಿತು. ಬಿಲ್ಲೆಯ ಮಾತನ್ನು ತೆಲುಗಿನಲ್ಲೇ ಆಡುತ್ತಿದ್ದ ಅಬ್ಬಾಸ್ ಸಾಬರೂ ಗಿರಾಕಿಯ ಮುಂದೆ ಬಿಲ್ಲೆ ಹಿಡಿದು, ತಡವರಿಸಿ, ಕನ್ನಡದಲ್ಲಿ "ದೊಡ್ಡದಾ, ಚಿಕ್ಕದಾ?" ಎಂದು ಕೇಳುವರು. ಲಕ್ಷ್ಮೀನರಸಮ್ಮ ಗಂಡನನ್ನು ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹೀಗೆ ಎಂಟೊಂಬತ್ತು ವರ್ಷ ಕಳೆಯಿತು. ಒಂದು ಸಂತೆಯ ದಿನ ಹನುಮಂತರಾಯಪ್ಪ, ಅವನ ಹೆಂಡತಿ, ಎರಡನೆಯ ಮಗಳು ಮಂಗಮ್ಮ ಮೂವರೂ ಅಂಗಡಿಗೆ ಬಂದರು. ಬಿಲ್ಲೆಯ ಹಲ್ಲು ಸವೆದು ಚೈನು ಜಾರುತ್ತಿತ್ತು, ಹೊಸದು ಹಾಕಿಸಬೇಕಿತ್ತು. ಅಬ್ಬಾಸ್ ಸಾಬರಿಗೆ ಮೈ ಸರಿಯಿರಲಿಲ್ಲ; ಅಂಗಡಿಯಲ್ಲಿ ಅಲೀಪುರದಿಂದ ಆ ವಾರವಷ್ಟೇ ಬಂದಿದ್ದ ಅವರ ತಮ್ಮ ಕೂತಿದ್ದ. ಅವನಿಗೆ ಹಳೆಯದೇನೂ ಗೊತ್ತಿಲ್ಲ. ಹನುಮಂತರಾಯಪ್ಪ ಚಕ್ರದ ಹತ್ತಿರ ಬಗ್ಗಿದ್ದಾಗ ಅವನು ಪೆಟ್ಟಿಗೆಯಲ್ಲಿ ಕೈಯಾಡಿಸುತ್ತ, ತಲೆ ಎತ್ತದೆ ಕೇಳಿದ.

"ಪೆದ್ದದಾ, ಚಿನ್ನದಾ?"

ಕಲ್ಲಿನ ಮೇಲಿದ್ದವರು ತಿರುಗಿ ನೋಡಿದರು. ಲಕ್ಷ್ಮೀನರಸಮ್ಮ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಹೊಸಬ, ಮಗುವಿನ ವಿಚಾರ ಕೇಳುತ್ತಿದ್ದಾನೆ ಎಂದುಕೊಂಡಳು.

"ಚಿನ್ನದಿ" ಎಂದಳು. "ಪೆದ್ದದಿ ಪೋಯಿಂದಿ."

ಚಿಕ್ಕವಳಪ್ಪ. ದೊಡ್ಡವಳು ಹೋದಳು. ಯಾರಾದರೂ ಕೇಳಿದರೆ ಹೇಳುವಂತೆ ಹೇಳಿದಳು, ದನಿಯಲ್ಲಿ ಏನೂ ಇರಲಿಲ್ಲ. ಅಂಗಡಿಯವನು ತಬ್ಬಿಬ್ಬಾಗಿ, ದೊಡ್ಡ ಬಿಲ್ಲೆ ಮುಗಿದಿದೆ ಎನ್ನುತ್ತಿದ್ದಾಳೇನೋ ಎಂದು ಪೆಟ್ಟಿಗೆಯನ್ನು ಇನ್ನಷ್ಟು ಹುಡುಕಿ, ಒಂದನ್ನು ಎತ್ತಿ ತೋರಿಸಿದ.

"ಇದೆಯಲ್ಲಮ್ಮ, ಎಲ್ಲಿ ಹೋಯ್ತು? ಇಲ್ಲೇ ಇದೆ."

ಹನುಮಂತರಾಯಪ್ಪ ಬಗ್ಗಿದವನು ಏಳಲಿಲ್ಲ. ಚಕ್ರದ ಕಡ್ಡಿಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. "ಅದನ್ನೇ ಹಾಕಪ್ಪ" ಎಂದ.