ಇಲ್ಲದ ಹುಚ್ಚಿಗೆ ಒಲ್ಲೆನೆಂದ ನಾಗರತ್ನ

ಚಳ್ಳಕೆರೆಯ ನನ್ನ ಕಂಬಳಿ ಅಂಗಡಿಯ ಎದುರಿಗೇ ಮೊಳಕಾಲ್ಮುರಿನ ಬಸ್ಸು ನಿಲ್ಲುತ್ತದೆ. ಹಾಗಾಗಿ ಕಂಬಳಿ ಬೇಡದವರೂ ನನ್ನ ಕಟ್ಟೆಯ ಮೇಲೆ ಕೂರುತ್ತಾರೆ. ನಾಗರತ್ನ ಮಾತ್ರ ಕೂರುವುದಿಲ್ಲ. ಪರಶುರಾಂಪುರದ ಕಡೆಯ ಕುರಿ ಸಾಕುವವರ ಮನೆಯ ಮಗಳು. ಓದಿಕೊಂಡು ಮೊಳಕಾಲ್ಮುರಿನ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದಾಳೆ. ಆ ಹೆಸರು ಉದ್ದವಾಯಿತೆಂದು ಜನ ‘ಹುಚ್ಚರ ಮೇಡಂ’ ಎಂದು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಬಸ್ಸು ಬರುವವರೆಗೆ ಕಟ್ಟೆಯ ಮುಂದೆ ಅತ್ತಿಂದಿತ್ತ ನಡೆಯುತ್ತಾಳೆ. ನಿಂತಳೆಂದರೆ ನೇತುಹಾಕಿದ ಕಂಬಳಿಯ ಅಂಚಿನಿಂದ ಎಳೆ ಕೀಳುತ್ತಾಳೆ.

“ನಿನ್ನ ಪೇಷಂಟು ಗುಣ ಆಗೋದ್ರೊಳಗೆ ನನ್ನ ಕಂಬಳಿ ಮುಗಿದು ಹೋಗ್ತೈತೆ ತಾಯಿ” ಎಂದರೆ ನಗುತ್ತಾಳೆ, ಇನ್ನೊಂದು ಎಳೆ ಕೀಳುತ್ತಾಳೆ.

ವ್ಯಾಪಾರಿಗೆ ಸುದ್ದಿಯೂ ಒಂದು ಸರಕು. ಯಾರ ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಇವಳಿಂದ ತಿಳಿಯಲು ನಾನು ಎಷ್ಟೋ ಸಲ ಟೀ ತರಿಸಿದ್ದೇನೆ, ಮಂಡಕ್ಕಿ ಮಿರ್ಚಿ ತರಿಸಿದ್ದೇನೆ. ಮಿರ್ಚಿ ತಿನ್ನಲು ತೆರೆದ ಬಾಯಿ ತಿಂದ ಮೇಲೆ ಮುಚ್ಚಿಕೊಳ್ಳುತ್ತದೆ. ಇಷ್ಟು ನಷ್ಟದ ವ್ಯಾಪಾರವನ್ನು ನಾನು ಬೇರೆ ಯಾರೊಂದಿಗೂ ಮಾಡಿಲ್ಲ.

ಹೊನ್ನೂರಸ್ವಾಮಿಯ ಕೇಸು ಬಂದಾಗ ಆ ಬಾಯಿಗೆ ನಿಜವಾದ ಪರೀಕ್ಷೆ ಬಂತು. ಅವನು ಮೊಳಕಾಲ್ಮುರು ಕಡೆಯ ಒಂದು ಹಟ್ಟಿಯ ಕಿಲಾರಿ. ಅಂದರೆ ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಕಾಲಿಗೆ ಚಪ್ಪಲಿ ಹಾಕುವಂತಿಲ್ಲ, ಮಲಗುವುದು ರೊಪ್ಪದಲ್ಲಿ ಎತ್ತುಗಳ ನಡುವೆ. ಮನುಷ್ಯರೊಡನೆ ಕನ್ನಡ, ಎತ್ತುಗಳೊಡನೆ ತೆಲುಗು. ವರ್ಷಕ್ಕೊಂದು ಕಂಬಳಿ ನನ್ನಲ್ಲೇ ಕೊಳ್ಳುತ್ತಾನೆ, ಚೌಕಾಸಿ ಮಾಡುವುದಿಲ್ಲ. ಚೌಕಾಸಿ ಮಾಡದ ಗಿರಾಕಿ ಎಂದರೆ ನನಗೆ ಒಳಗೊಳಗೇ ಭಯ.

ಎತ್ತುಗಳು ರಸ್ತೆ ದಾಟುವಾಗ ರಾಂಪುರದ ಮಾರುತೇಶ ಎಂಬ ಹುಡುಗನ ಬೈಕು ಒಂದು ಎತ್ತಿಗೆ ಗುದ್ದಿತು. ಎತ್ತು ಅಲ್ಲೇ ಕುಸಿದು ಸತ್ತಿತು. ಹೊನ್ನೂರಸ್ವಾಮಿ ಕೈಯಲ್ಲಿದ್ದ ಕೋಲಿನಿಂದ ಹುಡುಗನಿಗೆ ಬಾರಿಸಿದ. ಪೊಲೀಸು, ಕೇಸು, ಜಾಮೀನು. ಜಾಮೀನಿಗೆ ನಿಂತವನು ನಾನು. ಭಯವಿದ್ದರೂ ಗಿರಾಕಿ ಗಿರಾಕಿಯೇ.

ಎತ್ತು ಸತ್ತ ಮೇಲೆ ಅವನಿಗೆ ನಿದ್ದೆ ಹೋಯಿತು. ಹಟ್ಟಿಯ ಯಜಮಾನ ಚಿತ್ತಪ್ಪಜ್ಜ ಅವನನ್ನು ನಾಗರತ್ನಳ ಬಳಿಗೆ ಕರೆದೊಯ್ದ. ಪ್ರತಿ ಮಂಗಳವಾರ ಅವನು ಅವಳೆದುರು ಕೂತು ಮಾತಾಡಿ ಬರತೊಡಗಿದ. ಇದು ಅವನ ವಕೀಲ ಕಲ್ಲೇಶಪ್ಪನ ಕಿವಿಗೆ ಬಿದ್ದದ್ದೇ ತಡ, ಅವನ ಕಣ್ಣು ಮಿನುಗಿತು. ಒಂದು ಸಂಜೆ ಬಸ್ಸಿಳಿದ ನಾಗರತ್ನಳನ್ನು ನನ್ನ ಅಂಗಡಿಯಲ್ಲೇ ಹಿಡಿದರು. ಚಿತ್ತಪ್ಪಜ್ಜನೂ ಇದ್ದ. ಹೊನ್ನೂರಸ್ವಾಮಿ ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತಿದ್ದ.

“ಹೊಡೆಯುವಾಗ ಇವನ ತಲೆ ಸರಿ ಇರ್ಲಿಲ್ಲ ಅಂತ ಬರೆದುಬಿಡ್ರಿ ಮೇಡಂ” ಎಂದ ಕಲ್ಲೇಶಪ್ಪ. “ದುರ್ಗದ ಡಾಕ್ಟ್ರು ನಿಮ್ಮ ಮಾತು ನೋಡೇ ಸಹಿ ಹಾಕ್ತಾರೆ. ಕೇಸು ಹೊಟ್ಟಿನಂಗೆ ಹಾರಿ ಹೋಗ್ತೈತೆ.”

“ಅವರು ನನ್ನತ್ರ ಬಂದಿದ್ದು ವಾಸಿ ಆಗೋಕೆ, ಸಾಕ್ಷಿಗಲ್ಲ. ಅಲ್ಲಿ ಆಡಿದ ಮಾತು ಅಲ್ಲೇ. ಕೋರ್ಟಿಗೆ ಬೇಕಂದ್ರೆ ಕೋರ್ಟೇ ಬೇರೆ ಡಾಕ್ಟರತ್ರ ಕಳಿಸ್ಲಿ.”

“ಅಲ್ರೀ, ಎತ್ತಿನ ಜೊತೆ ಮಾತಾಡ್ತಾನೆ, ದೇವರು ಕಿವೀಲಿ ಹೇಳ್ತೈತೆ ಅಂತಾನೆ. ಇದಕ್ಕಿಂತ ಹುಚ್ಚು ಬೇಕಾ?”

“ಹಂಗಾದ್ರೆ ಅವರ ಹಟ್ಟಿ ಪೂರ್ತಿ ಬರೀಬೇಕು. ನೀವೂ ಶನಿವಾರ ಆಂಜನೇಯನ ಮುಂದೆ ನಿಂತು ಕಕ್ಷಿದಾರರ ಪರ ವಾದ ಮಾಡ್ತೀರಂತಲ್ಲ, ನಿಮ್ಮನ್ನೂ ಸೇರಿಸ್ಲಾ?”

ನಾನು ನಗು ತಡೆಯಲು ಕಂಬಳಿ ಮಡಿಸಿದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ. ಆದರೂ ವ್ಯಾಪಾರಿಯ ಬುದ್ಧಿ ಸುಮ್ಮನಿರಲಿಲ್ಲ. “ತಾಯಿ, ಗಿರಾಕಿ ಕೇಳಿದ ಮಾಲು ಕೊಟ್ಟು ಕಳಿಸು. ಒಬ್ಬ ಬಡವ ಉಳ್ಕೊಂತಾನೆ” ಎಂದೆ.

“ಇಲ್ಲದ ಮಾಲು ಎಲ್ಲಿಂದ ಕೊಡ್ಲಿ ಮಾಮ?” ಎಂದವಳು ಚಿತ್ತಪ್ಪಜ್ಜನ ಕಡೆ ತಿರುಗಿದಳು. “ಅಜ್ಜ, ತಲೆ ಕೆಟ್ಟೋರ ಕೈಗೆ ನಿಮ್ಮ ಹಟ್ಟೀಲಿ ದೇವರೆತ್ತು ಬಿಡ್ತಾರಾ?”

ಅಜ್ಜ ತಬ್ಬಿಬ್ಬಾದ. ಅವನ ಲೆಕ್ಕದಲ್ಲಿ ಕೋರ್ಟೇ ಬೇರೆ, ಹಟ್ಟಿಯೇ ಬೇರೆ. ಅಲ್ಲಿ ಹುಚ್ಚನಾದವನು ಊರಿಗೆ ಬಂದು ಮೊದಲಿನಂತೆಯೇ ಕೋಲು ಹಿಡಿಯಬಹುದು. ಮೂರು ಹಟ್ಟಿಯ ಹಿರಿಯರಿಗೂ ಹೀಗೇ ಹೇಳಿ ಒಪ್ಪಿಸಿ ಬಂದಿದ್ದ.

“ಜೈಲಿಗೆ ಹೋಗಿ ಬಂದ್ರೆ ತೀರ್ಥ ಹಾಕಿ ಒಳಗೆ ಕರ್ಕೊಂತೀವಿ” ಎಂದ ನಿಧಾನವಾಗಿ. “ಹುಚ್ಚ ಅಂತ ಸರ್ಕಾರವೇ ಬರೆದು ಕೊಟ್ರೆ, ಅದನ್ನ ಯಾವ ನೀರಲ್ಲಿ ತೊಳೆಯೋದು?”

“ಲೇ ಅಜ್ಜ, ಜೈಲು ಬೇಕೇನು ನಿಂಗೆ?” ಕಲ್ಲೇಶಪ್ಪ ರೇಗಿದ.

ಮೆಟ್ಟಿಲ ಮೇಲಿದ್ದವನು ಎದ್ದು ಹೊರಟುಹೋದ. ಜಾಮೀನು ನಿಂತವನಿಗೆ ಬೆನ್ನು ತೋರಿಸಿ ನಡೆಯುವ ಆರೋಪಿಗಿಂತ ಕೆಟ್ಟ ದೃಶ್ಯ ಬೇರೆ ಇಲ್ಲ. ಅಲ್ಲಿಂದ ವಾಯಿದೆಯ ದಿನದವರೆಗೆ ನನಗೂ ನಿದ್ದೆ ಇರಲಿಲ್ಲ. ನಾಗರತ್ನಳ ನಡಿಗೆಯಂತೂ ಇನ್ನೂ ಬಿರುಸಾಯಿತು. “ಅವನು ಏನು ಹೇಳಿದಾನೆ ನಿನಗೆ? ಒಂದೇ ಮಾತು ಹೇಳು” ಎಂದು ಕೇಳಿದೆ. “ಬಸ್ ಬಂತು ಮಾಮ” ಎಂದಳು. ಬಸ್ಸು ಬಂದಿರಲಿಲ್ಲ.

ವಾಯಿದೆಯ ದಿನ ನ್ಯಾಯಾಧೀಶರು ಆರೋಪ ಓದಿ, ಒಪ್ಪುತ್ತೀಯಾ ಎಂದು ಕೇಳಿದರು. ಕಲ್ಲೇಶಪ್ಪ ಬಾಯಿ ತೆರೆಯುವ ಮೊದಲೇ ಹೊನ್ನೂರಸ್ವಾಮಿ ಹೇಳಿದ:

“ಹೊಡೆದಿದ್ದು ನಿಜ ಸ್ವಾಮಿ. ನಂಗೆ ಹುಚ್ಚು ಹಿಡಿದಿರ್ಲಿಲ್ಲ. ಹುಡುಗ ಹಾರನ್ ಹೊಡೆದಿದ್ದ, ನನ್ನ ಕಿವಿಗೆ ಬಿತ್ತು. ಬೀಡಿ ಹಚ್ಚುತಾ ನಿಂತಿದ್ದೆ, ಎತ್ತು ತಿರುಗಿಸೋದು ತಡ ಆಯ್ತು. ತಪ್ಪು ನಂದು. ಸಿಟ್ಟು ಅವನ ಮೇಲೆ ತೀರಿಸ್ಕೊಂಡೆ.”

ನಾನು ಹಿಂದೆ ತಿರುಗಿ ನೋಡಿದೆ. ರಜೆ ಹಾಕಿ ಬಂದಿದ್ದ ನಾಗರತ್ನ ಕೊನೆಯ ಬೆಂಚಿನ ಪಕ್ಕ ನಿಂತಿದ್ದಳು. ಕೋರ್ಟಿನಲ್ಲಿ ಎಲ್ಲರ ಮುಖವೂ ಬದಲಾಗಿತ್ತು, ಅವಳದೊಂದನ್ನು ಬಿಟ್ಟು. ಆಗ ತಿಳಿಯಿತು: ಈ ಮಾತನ್ನು ಅವಳು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ನಡೆದಾಡುತ್ತಿದ್ದಳು. ಬಾಯಿ ಬಿಟ್ಟಿದ್ದರೆ ಅವನೇ ಸಿಕ್ಕಿಬೀಳುತ್ತಿದ್ದ. ಕಲ್ಲೇಶಪ್ಪ ಕೇಳಿದ ಹಾಗೆ ಬರೆದುಕೊಟ್ಟಿದ್ದರೆ ಅವನಿಗೆ ಇದನ್ನು ಹೇಳುವ ಬಾಯಿಯೇ ಇರುತ್ತಿರಲಿಲ್ಲ.

ಮೊದಲ ತಪ್ಪೆಂದೂ, ಒಪ್ಪಿಕೊಂಡನೆಂದೂ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಬಿಟ್ಟಿತು. ಅದಕ್ಕೂ ಜಾಮೀನು ನಾನೇ. ಆದರೆ ಹಟ್ಟಿ ಬಿಡಲಿಲ್ಲ. ಏಟಿಗೆ ಹುಡುಗನ ಕೈ ಊದಿದ್ದು ಅವರಿಗೆ ದೊಡ್ಡದಲ್ಲ. ಕಿಲಾರಿಯ ಅಜಾಗ್ರತೆಯಿಂದ ದೇವರೆತ್ತು ಸತ್ತದ್ದಕ್ಕೆ ಅವರಲ್ಲಿ ಮುಚ್ಚಳಿಕೆ ಇಲ್ಲ. ಚಿತ್ತಪ್ಪಜ್ಜ ಅಳುತ್ತಲೇ ಅವನ ಕೈಯಿಂದ ಕೋಲು ತೆಗೆದುಕೊಂಡ.

ಈಗ ಹೊನ್ನೂರಸ್ವಾಮಿ ಈರುಳ್ಳಿ ಹೊಲಗಳಿಗೆ ಕೂಲಿ ಹೋಗುತ್ತಾನೆ. ಹೋದ ವಾರ ಅಂಗಡಿಗೆ ಬಂದಿದ್ದ, ಕಾಲಿಗೆ ಹೊಸ ರಬ್ಬರ್ ಚಪ್ಪಲಿ. “ನಿದ್ದೆ ಬರ್ತೈತೇನಪ್ಪ?” ಎಂದೆ.

“ಬರ್ತೈತೆ ಸಾವ್ಕಾರ್ರೆ. ಚೆನ್ನಾಗೇ ಬರ್ತೈತೆ” ಎಂದ. “ಎದ್ದಾಗಲೇ ಕಷ್ಟ. ಸುತ್ತ ಎತ್ತು ಇರಲ್ಲ.”

ಅಂದು ಸಂಜೆ ನಾಗರತ್ನಳಿಗೆ ಈ ಮಾತು ಹೇಳಿ, “ನೀನು ಮಾಡಿದ್ದು ಸರಿ ಅನ್ನಿಸ್ತೈತಾ?” ಎಂದು ಕೇಳಿದೆ. ಚುಚ್ಚಲೆಂದೇ ಕೇಳಿದ್ದು, ಸುಳ್ಳೇಕೆ.

“ಸರೀನೇ ಮಾಮ” ಎಂದಳು. ಆಮೇಲೆ ಕಟ್ಟೆಯ ತುದಿಯವರೆಗೆ ನಡೆದುಹೋಗಿ ತಿರುಗಿ ಬಂದಳು. “ಸರಿ ಮಾಡಿದ್ರೆ ಸಮಾಧಾನ ಆಗ್ತೈತೆ ಅಂತ ನಿಮಗೆ ಯಾರು ಹೇಳಿದ್ದು?”

ನಾನು ಒಂದು ಟೀ ಹೇಳಿದೆ. ನಿಂತೇ ಕುಡಿದಳು.