ಎಂಬತ್ತಾರು ಅಡಿಯ ಗೆರೆ

1959ರಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ವರ್ಕ್‌ಶಾಪ್ ಸೂಪರ್‌ವೈಸರ್ ಆಗಿದ್ದೆ. ವಯಸ್ಸು ಇಪ್ಪತ್ತೇಳು. ಕೈಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಇತ್ತು, ತಲೆಯಲ್ಲಿ ಜಂಬ ಇತ್ತು. ಹುಟ್ಟಿ ಬೆಳೆದದ್ದು ಪೇಟೆಯ ನಡುವಿನ ದುರ್ಗಿಗುಡಿಯಲ್ಲಿ. ಹೊಲ, ಕಣ, ಒಕ್ಕಣೆಯ ಗಂಧಗಾಳಿಯೂ ನನಗಿರಲಿಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಆ ಆರು ತಿಂಗಳೂ ಬಸ್ಸುಗಳ ಹೊಟ್ಟೆಯ ಕೆಳಗೇ ಕಳೆದಿದ್ದವು.

ಜನವರಿಯ ಒಂದು ಬೆಳಿಗ್ಗೆ ಸುದ್ದಿ ಬಂತು. ಭದ್ರಾವತಿಗೆ ಹೊರಟಿದ್ದ ನಮ್ಮ ಬಸ್ಸು ದಾರಿಯ ಹಳ್ಳಿಯೊಂದರ ಬಳಿ ಪಾರ್ವತಮ್ಮ ಎಂಬ ಹೆಂಗಸಿಗೆ ಬಡಿದಿತ್ತು. ಆಕೆಯ ಬಲಗಾಲು ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಬಸ್ಸು ಓಡಿಸುತ್ತಿದ್ದವನು ಖಾದರ್. ಹದಿನಾಲ್ಕು ವರ್ಷದಿಂದ ಒಂದು ಕಪ್ಪುಚುಕ್ಕೆ ಇಲ್ಲದ ಡ್ರೈವರ್. ಪೊಲೀಸರು ಅತಿವೇಗದ ಕೇಸು ಬರೆದುಕೊಂಡರು. ಅದು ಸಾಬೀತಾದರೆ ಲೈಸೆನ್ಸ್ ಹೋಗುತ್ತದೆ, ಜೈಲೂ ಆಗಬಹುದು. ಸ್ಟೀರಿಂಗ್ ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮನೆಯಲ್ಲಿ ಉಣ್ಣುವವರು ಆರು ಜನ.

ಮ್ಯಾನೇಜರ್ ರುದ್ರಪ್ಪನವರು ತಾಂತ್ರಿಕ ವರದಿ ಬರೆಯುವ ಕೆಲಸ ನನಗೆ ಒಪ್ಪಿಸಿದರು. ಮಧ್ಯಾಹ್ನದ ಹೊತ್ತಿಗೆ ನಾನು ಜಾಗಕ್ಕೆ ಹೋದೆ. ಟಾರು ರಸ್ತೆ ಒಣಗಿತ್ತು, ಗುಡಿಸಿಟ್ಟಷ್ಟು ಸ್ವಚ್ಛವಾಗಿತ್ತು. ಚಕ್ರಗಳು ಉಜ್ಜಿಕೊಂಡು ಹೋದ ಎರಡು ಗೆರೆ ಕಾಣುತ್ತಿದ್ದವು. ಟೇಪು ಹಿಡಿದು ಅಳೆದೆ: ಎಂಬತ್ತಾರು ಅಡಿ. ವರ್ಕ್‌ಶಾಪಿಗೆ ಮರಳಿ ಬ್ರೇಕು ಪರೀಕ್ಷಿಸಿದೆ, ಏನೂ ದೋಷವಿರಲಿಲ್ಲ. ಸ್ಪೀಡೋಮೀಟರ್ ಕೆಟ್ಟು ವರ್ಷವಾಗಿದ್ದರಿಂದ ಅದನ್ನು ಕೇಳಿ ಪ್ರಯೋಜನವಿರಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಮನೆಯಲ್ಲಿ ಬೀರು ತಳ್ಳಿದವರಿಗೆಲ್ಲ ಗೊತ್ತು, ಕದಲಿಸುವುದೇ ಕಷ್ಟ, ಕದಲಿದ ಮೇಲೆ ಅಷ್ಟು ಬಲ ಬೇಡ. ನಿಂತ ವಸ್ತುವನ್ನು ಹಿಡಿದಿಡುವುದು ಸ್ಥಿರ ಘರ್ಷಣೆ, ಜಾರುವ ವಸ್ತುವನ್ನು ತಡೆಯುವುದು ಚಲನ ಘರ್ಷಣೆ. ಎರಡನೆಯದು ಸಾಮಾನ್ಯವಾಗಿ ಕಡಿಮೆ. ಉರುಳುವ ಚಕ್ರದಲ್ಲಿ ನೆಲ ಮುಟ್ಟಿದ ಭಾಗ ಆ ಕ್ಷಣಕ್ಕೆ ಜಾರುವುದಿಲ್ಲ, ನಡೆಯುವವನು ಊರಿದ ಪಾದದ ಹಾಗೆ. ಬ್ರೇಕನ್ನು ಒಮ್ಮೆಲೇ ಅದುಮಿದರೆ ಚಕ್ರ ಲಾಕ್ ಆಗಿ ಜಾರತೊಡಗುತ್ತದೆ. ಆಗ ಗಾಡಿಯನ್ನು ತಡೆಯಲು ಉಳಿಯುವುದು ಚಲನ ಘರ್ಷಣೆ ಮಾತ್ರ. ಜಾರಿದ ದೂರ ಮತ್ತು ರಸ್ತೆಯ ಘರ್ಷಣಾಂಕ, ಅಂದರೆ ತಡೆಯುವ ಬಲ ವಸ್ತುವಿನ ತೂಕದ ಎಷ್ಟು ಪಾಲು ಎಂಬ ಅಂಕ, ಗೊತ್ತಿದ್ದರೆ ವೇಗ ಲೆಕ್ಕ ಹಾಕಬಹುದು. ಒಣ ಟಾರಿಗೆ ಪುಸ್ತಕದಲ್ಲಿದ್ದ ಅಂಕ 0.7. ಅದನ್ನು ಹಾಕಿದೆ. ಗಂಟೆಗೆ ನಲವತ್ತೆರಡು ಮೈಲಿ ಎಂದು ಬಂತು. ಕಂಪನಿ ಅಲ್ಲಿಗೆ ಗೊತ್ತುಮಾಡಿದ್ದ ಮಿತಿ ಮೂವತ್ತು.

ಖಾದರನನ್ನು ಕರೆಸಿದೆ.

"ಎಷ್ಟು ಸ್ಪೀಡಲ್ಲಿದ್ದೆ?"

"ಮೂವತ್ತು ಸಾರ್. ಜಾಸ್ತಿ ಇರ್ಲಿಲ್ಲ."

"ಎಂಬತ್ತಾರು ಅಡಿ ಉಜ್ಜಿದೆಯಲ್ಲ ಮಾರಾಯ! ಆ ಗೆರೆ ಸುಳ್ಳು ಹೇಳತ್ತಾ?"

ಅವನು ನನ್ನ ಮುಖ ನೋಡಿದ. "ಜಾಗ ನೀವೇ ನೋಡ್ಕೊಂಡು ಬಂದಿದ್ದೀರಲ್ಲ ಸಾರ್" ಎಂದಷ್ಟೇ ಹೇಳಿದ. ಜಾಗ ನೋಡಿದ ಮೇಲೆ ಇನ್ನೇನು ಕೇಳುವುದು ಎಂದು ನಾನೂ ಸುಮ್ಮನಾದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ವಯಸ್ಸು ಅದು. ಸಂಜೆಯೊಳಗೆ ವರದಿ ಟೈಪಾಯಿತು. ಮರುದಿನ ಖಾದರನನ್ನು ಕೆಲಸದಿಂದ ಸಸ್ಪೆಂಡ್ ಮಾಡಿದರು. ವರದಿಯ ಒಂದು ಪ್ರತಿ ಪೊಲೀಸ್ ಠಾಣೆಗೂ ಹೋಯಿತು.

ಹತ್ತು ದಿನದ ನಂತರ ಎರಕದ ಬಿಡಿಭಾಗಗಳನ್ನು ತರಲು ನಾನು ನಮ್ಮದೇ ಬಸ್ಸಿನಲ್ಲಿ ಭದ್ರಾವತಿಗೆ ಹೊರಟೆ. ಅದೇ ಹಳ್ಳಿ ಹತ್ತಿರವಾಗುತ್ತಿದ್ದಂತೆ ಡ್ರೈವರ್ ಗೇರ್ ಇಳಿಸಿದ. ಚಕ್ರದ ಕೆಳಗೆ ಚಟಪಟ ಸದ್ದು ಶುರುವಾಯಿತು. ತಲೆ ಹೊರಗೆ ಹಾಕಿ ನೋಡಿದೆ. ರಸ್ತೆಯ ಅಗಲಕ್ಕೂ ಒಣಗಿದ ಹುರುಳಿ ಗಿಡ ಹರಡಿದ್ದರು. ಬಸ್ಸು ಲಾರಿ ಹಾಯ್ದು ಕಾಯಿ ಒಡೆಯಲಿ, ಎತ್ತು ಕಟ್ಟಿ ತುಳಿಸುವ ಕೆಲಸ ಉಳಿಯಲಿ ಎಂದು.

"ಇದೇನ್ರೀ ಇದು?" ಎಂದು ಕಂಡಕ್ಟರನ್ನು ಕೇಳಿದೆ.

"ಒಕ್ಕಣೆ ಸಾರ್. ಸುಗ್ಗೀಲಿ ದಿನಾ ಇರತ್ತೆ."

"ಖಾದರ್ ಆಕ್ಸಿಡೆಂಟ್ ಮಾಡಿದ ದಿನ?"

"ಇರ್ದೆ ಏನು! ಅದು ಎಲ್ಲಾರಿಗೂ ಗೊತ್ತಿರೋದೇ ಅಲ್ವಾ?"

ಅಲ್ಲೇ ಬಸ್ಸು ನಿಲ್ಲಿಸಿ ಇಳಿದೆ.

ಪಾರ್ವತಮ್ಮ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯ ಜಗಲಿಯ ಮೇಲೆ ಮಲಗಿದ್ದರು. ನಲವತ್ತು ದಾಟಿದ ಗಟ್ಟಿ ಹೆಂಗಸು. ಆ ದಿನ ರಸ್ತೆಯ ಮೇಲೆ ಹುರುಳಿ ಇತ್ತೇ ಎಂದು ಕೇಳಿದೆ. ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಕೊನೆಗೆ ಆಕೆಯೇ ಬಾಯಿಬಿಟ್ಟರು.

"ಇತ್ತು ಸ್ವಾಮಿ. ಗಿಡ ಮಗುಚ್ತಾ ಇದ್ದೆ, ಬಸ್ಸು ಬಂದದ್ದು ನೋಡ್ಲಿಲ್ಲ. ರೋಡ್ ಮೇಲೆ ಒಕ್ಕಿದ್ರೆ ಕೇಸು ಹಾಕ್ತಾರೆ ಅಂತ ಹೆದ್ರಿಕೆ. ಕಾಲು ಮುರ್ಕೊಂಡು ಬಿದ್ದಿದ್ರೂ ನಾನೇ ಕೂಗಿ ಹೇಳ್ದೆ, ಮೊದ್ಲು ಹುರುಳಿ ಬಳ್ಕೊಳ್ರಪ್ಪಾ ಅಂತ!"

ಖಾದರ್ ಆಕೆಯನ್ನು ಬಸ್ಸಿನಲ್ಲೇ ಆಸ್ಪತ್ರೆಗೆ ಒಯ್ದ ಮೇಲೆ, ಪೊಲೀಸರು ಬರುವುದರೊಳಗೆ, ಊರಿನವರು ರಸ್ತೆ ಗುಡಿಸಿಬಿಟ್ಟಿದ್ದರು; ಅದು ಅವನಿಗೆ ಗೊತ್ತೇ ಇರಲಿಲ್ಲ. ಸುದ್ದಿ ಕೇಳಿ ಮುಂದಿನ ಹಿಂದಿನ ಹಳ್ಳಿಯವರೂ ಅಂದು ತಮ್ಮ ತಮ್ಮ ಫಸಲು ಎತ್ತಿಟ್ಟಿದ್ದರಂತೆ. ನಾನು ಕಂಡ ಸ್ವಚ್ಛ ರಸ್ತೆಯ ಗುಟ್ಟು ಅದು. ನಾನು ರಬ್ಬರಿನದೆಂದು ಅಳೆದ ಗೆರೆಗಳು ಅರೆದುಹೋದ ಗಿಡದ ಕಲೆಗಳಾಗಿದ್ದವು. ಬಗ್ಗಿ ಒಂದು ಸಲ ಉಗುರಿನಲ್ಲಿ ಕೆರೆದಿದ್ದರೆ ತಿಳಿಯುತ್ತಿತ್ತು. ನಾನು ಬಗ್ಗಿದ್ದು ಟೇಪಿನ ಅಂಕಿ ಓದಲು ಮಾತ್ರ.

ಇದನ್ನು ಬರೆದುಕೊಟ್ಟರೆ ನಿಮ್ಮ ಮೇಲೂ ಕೇಸು ಬರಬಹುದು ಎಂದು ಪಾರ್ವತಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಖಾದರ್ ಮನೆಯಲ್ಲಿ ಕೂತಿರುವುದನ್ನೂ ಹೇಳಿದೆ. ಆಕೆಗೆ ಆ ವಿಷಯ ಗೊತ್ತಿರಲಿಲ್ಲ.

"ಅಯ್ಯೋ ಶಿವನೇ! ನನ್ ಕಾಲು ಇವತ್ತಲ್ಲ ನಾಳೆ ಕೂಡತ್ತೆ. ಆ ಸಾಬರ ಹೊಟ್ಟೆ ಮೇಲೆ ಹೊಡೆಯೋದು ಬೇಡ. ಬರ್ಕೊಳ್ಳಿ, ಹೆಬ್ಬೆಟ್ಟು ಒತ್ತತೀನಿ."

ಹೇಳಿಕೆ ಮಾತ್ರ ಸಾಲದು, ಅಳತೆಯೂ ಬೇಕಿತ್ತು. ಮರುದಿನ ಹಳೆಯ ಟೈರಿನ ತುಂಡನ್ನು ಹಲಗೆಯ ಅಡಿಗೆ ಬಡಿದು, ಹಲಗೆಯೂ ಸೇರಿ ನೂರು ಪೌಂಡ್ ತೂಗುವಷ್ಟು ಕಬ್ಬಿಣ ಹೇರಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಅದೇ ರಸ್ತೆಯ ಮೇಲೆ ಎಳೆಸಿದೆ. ಒಣ ಟಾರಿನ ಮೇಲೆ ಅದು ಕದಲಿದ್ದು ಎಂಬತ್ತು ಪೌಂಡಿಗೆ. ಜಾರತೊಡಗಿದ ಮೇಲೆ ಎಪ್ಪತ್ತು ಸಾಕಾಯಿತು. ಹುರುಳಿ ಹಾಸಿದ ಕಡೆ ನಲವತ್ತಕ್ಕೇ ಕದಲಿತು, ಜಾರುವಾಗ ತಕ್ಕಡಿಯ ಮುಳ್ಳು ಮೂವತ್ತೈದರ ಆಸುಪಾಸಿನಲ್ಲಿ ನಿಂತಿತು. ಹತ್ತು ಸಲ ಎಳೆಸಿದೆ, ಹೆಚ್ಚು ಕಡಿಮೆ ಅದೇ ಅಂಕಿ. ಅಂದರೆ ಘರ್ಷಣಾಂಕ 0.7 ಅಲ್ಲ, ಅದರ ಅರ್ಧ. ರಸ್ತೆಯ ಅಂಚಿನ ಮೈಲಿಗಲ್ಲಿನ ಮೇಲೆ ಕಾಗದ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿದೆ. ಎಂಬತ್ತಾರು ಅಡಿಗೆ ಸರಿಯಾಗಿ ಗಂಟೆಗೆ ಮೂವತ್ತು ಮೈಲಿ. ಖಾದರ್ ಹೇಳಿದ್ದೂ ಅದನ್ನೇ.

ಎರಡನೆಯ ವರದಿ ಒಯ್ದು ಕೊಟ್ಟಾಗ ರುದ್ರಪ್ಪನವರು ಕನ್ನಡಕ ತೆಗೆದರು.

"ಮೊದಲನೇದು ಬರೆದೋರೂ ನೀವೇ ಅಲ್ವೇನ್ರೀ?"

"ಹೌದು ಸಾರ್. ಅದು ತಪ್ಪು."

"ಎರಡನ್ನೂ ಠಾಣೆಗೆ ಕಳಿಸಿದ್ರೆ ನಿಮ್ಮ ಮರ್ಯಾದೆ ಏನಾಗತ್ತೆ?"

"ಕಳಿಸಿ ಸಾರ್" ಎಂದೆ.

ಬ್ರೇಕನ್ನು ಒಮ್ಮೆಲೇ ಅದುಮಿ ಚಕ್ರ ಲಾಕ್ ಮಾಡಿದ್ದು, ಒಕ್ಕಣೆ ಕಂಡೂ ಗೇರ್ ಇಳಿಸದಿದ್ದದ್ದು ಖಾದರನ ತಪ್ಪು ಎಂದು ಆ ವರದಿಯಲ್ಲಿ ಬರೆದಿದ್ದೆ. ಅದಕ್ಕೆ ಕಂಪನಿ ಎಚ್ಚರಿಕೆ ಪತ್ರ ಕೊಟ್ಟಿತು. ಅತಿವೇಗದ ಆರೋಪ ಮಾತ್ರ ಬಿದ್ದುಹೋಯಿತು, ಲೈಸೆನ್ಸ್ ಉಳಿಯಿತು. ಪಾರ್ವತಮ್ಮನ ಮನೆಯವರನ್ನು ಪೊಲೀಸರು ಗದರಿಸಿ ಬಿಟ್ಟರು.

ಖಾದರ್ ಕೆಲಸಕ್ಕೆ ಮರಳಿದ ದಿನ ನಾನೇ ಬಸ್ಸಿನ ಬಳಿಗೆ ಹೋದೆ. ಅವನು ಮುಂದಿನ ಗಾಜು ಒರೆಸುತ್ತಿದ್ದ. ತಪ್ಪಾಯಿತು, ನನ್ನ ಲೆಕ್ಕ ಕೆಟ್ಟಿತು ಎಂದೆ.

"ಲೆಕ್ಕ ಸರಿಯಾಗೇ ಮಾಡಿದ್ರಿ ಸಾರ್" ಎಂದ, ಒರೆಸುವುದನ್ನು ನಿಲ್ಲಿಸದೆ. "ಗೆರೆ ಸುಳ್ಳು ಹೇಳತ್ತಾ ಅಂತ ನನ್ನ ಕೇಳಿದ್ರಿ. ಗಾಡಿ ಯಾಕೆ ಜಾರ್ತು ಖಾದರ್ ಅಂತ ಕೇಳ್ಲೇ ಇಲ್ಲ."

ಆಮೇಲೆ ಮೂವತ್ತೊಂದು ವರ್ಷ ನೌಕರಿ ಮಾಡಿದೆ, ಎಷ್ಟೋ ಅಪಘಾತಗಳ ವರದಿ ಬರೆದೆ. ಅಳೆಯುವ ಮೊದಲು, ಗಾಡಿ ಓಡಿಸಿದವನನ್ನು ಎದುರಿಗೆ ಕೂರಿಸಿಕೊಂಡು, ಏನಾಯಿತು ಹೇಳು ಎಂದು ಕೇಳಿ, ಅವನು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಕಲಿಯುವುದಕ್ಕೆ ಖಾದರ್ ಹನ್ನೆರಡು ದಿನ ಮನೆಯಲ್ಲಿ ಕೂರಬೇಕಾಯಿತು.